ಓದುಗರ ಪ್ರಶ್ನೆ, ನಮ್ಮ ಉತ್ತರ: ಆಫ್ರಿಕಾದ ದಕ್ಷಿಣದ ಕಾಡುಗಳಿಗೆ ಹೊರಡುವವರಿಗೆ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ ಹಾಗೂ ಸುತ್ತಲಿನ ದೇಶಗಳ ಸಫಾರಿ ಕುರಿತು ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಹೆಸರು ಪ್ರಕಟಿಸಬಾರದೆಂದು ಹಲವರು ಕೋರಿರುವುದರಿಂದ ಊರನ್ನಷ್ಟೇ ಕೊಡಲಾಗಿದೆ.

ಪ್ರಶ್ನೆ: ನಾವು ಕಾಫಿ ಬೆಳೆಗಾರರು. ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಸಂದರ್ಭದಲ್ಲಿ ಯಜಮಾನರು, ನಾನು ಮತ್ತು ಹೈಸ್ಕೂಲಿನಲ್ಲಿ ಓದುತ್ತಿರುವ ಮಗಳು ಆಫ್ರಿಕಾಕ್ಕೆ ಹೋಗಬೇಕೆಂದಿದ್ದೇವೆ. ಕೊಯ್ಲು ಮುಗಿಯುವ ಫೆಬ್ರವರಿ ಕೊನೆಗೆ ಹೊರಡುವ ಯೋಚನೆ. ಹತ್ತು ದಿನಗಳಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಮತ್ತು ಕ್ರೂಗರ್ ಅರಣ್ಯ, ಜಾಂಬಿಯಾ–ಜಿಂಬಾಬ್ವೆ ಗಡಿಯ ವಿಕ್ಟೋರಿಯಾ ಜಲಪಾತ, ಬೋಟ್ಸ್ವಾನಾದ ಚೋಬೆ ಅರಣ್ಯ ಮತ್ತು ಒಕವಾಂಗೊ ನದೀಮುಖಜ ಭೂಮಿ ಐದನ್ನೂ ತೋರಿಸುವುದಾಗಿ ಟ್ರಾವೆಲ್ಸ್‌ನವರು ಪಟ್ಟಿ ಕೊಟ್ಟಿದ್ದಾರೆ. ಖರ್ಚಿಗೆ ಹಿಂಜರಿಕೆಯಿಲ್ಲ, ಆದರೆ ಖರ್ಚು ಮಾಡಿದ್ದು ಸಾರ್ಥಕವಾಗಬೇಕು. ಈ ಪಟ್ಟಿ ಸರಿಯಿದೆಯೇ? (ಮೂಡಿಗೆರೆ)

ಉತ್ತರ: ಮೊದಲು ತಿಂಗಳಿನ ಮಾತು. ಆ ಭಾಗದಲ್ಲಿ ಮಳೆ ಸುರಿಯುವುದು ಸುಮಾರಾಗಿ ನವೆಂಬರಿನಿಂದ ಮಾರ್ಚ್‌ವರೆಗೆ. ಫೆಬ್ರವರಿಯಲ್ಲಿ ಹುಲ್ಲು ಎದೆಮಟ್ಟ ಬೆಳೆದಿರುತ್ತದೆ, ಎಲ್ಲೆಂದರಲ್ಲಿ ನೀರು ನಿಂತಿರುತ್ತದೆ. ಆದ್ದರಿಂದ ಪ್ರಾಣಿಗಳು ಕಾಡಿನ ತುಂಬ ಚದುರಿಹೋಗಿರುತ್ತವೆ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಒಣಗಾಲದಲ್ಲಿ ಹೊಂಡಗಳು ಒಂದೊಂದಾಗಿ ಬತ್ತುತ್ತಾ ಬಂದಂತೆ ಆನೆ, ಕಾಡೆಮ್ಮೆ, ಜಿರಾಫೆ, ಅವುಗಳ ಬೆನ್ನು ಹತ್ತಿದ ಸಿಂಹ, ಎಲ್ಲವೂ ಉಳಿದ ನೀರಿನ ಬಳಿಗೇ ಬರಬೇಕಾಗುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಅವಧಿಯನ್ನು ಅನುಭವಸ್ಥರು ಆರಿಸಿಕೊಳ್ಳುವುದು ಇದೇ ಕಾರಣಕ್ಕೆ. ಫೆಬ್ರವರಿಗೂ ಅದರದೇ ಚೆಲುವಿದೆ: ಕಾಡು ಹಸಿರಾಗಿರುತ್ತದೆ, ಮರಿಗಳಿರುತ್ತವೆ, ವಲಸೆ ಹಕ್ಕಿಗಳಿರುತ್ತವೆ, ದರವೂ ಇಳಿದಿರುತ್ತದೆ. ಆದರೆ ಮೊದಲ ಸಲ ಹೋಗುವವರಿಗೆ ನಾನು ಅದನ್ನು ಸೂಚಿಸಲಾರೆ.

ಒಣಗಾಲ ನಿಮ್ಮ ತೋಟದ ಲೆಕ್ಕಕ್ಕೂ ಕೂಡಿಬರುತ್ತದೆ. ಮರಗಸಿ ಮುಗಿದು, ಮಲೆನಾಡಿನ ಮಳೆ ಹಿಡಿದು ಕೂತಿರುವ ಜುಲೈ–ಆಗಸ್ಟ್‌ನಲ್ಲಿ ತೋಟವನ್ನು ನಂಬಿಕೆಯ ರೈಟರ ಕೈಗೆ ಒಪ್ಪಿಸಿ ಹೊರಡುವುದು, ಹೂಮಳೆಗೆ ಕಾಯುವ ಫೆಬ್ರವರಿ–ಮಾರ್ಚ್‌ಗಿಂತ ಸುಲಭ. ಮಗಳ ಶಾಲೆ ಅಡ್ಡಬಂದರೆ ದಸರಾ ರಜೆಯನ್ನು ನೋಡಿ. ಅಕ್ಟೋಬರಿನಲ್ಲಿ ಪ್ರಾಣಿಗಳು ಧಾರಾಳವಾಗಿ ಕಾಣುತ್ತವೆ. ಆದರೆ ಜಾಂಬೆಜಿ ಕಣಿವೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ವಿಕ್ಟೋರಿಯಾ ಜಲಪಾತದಲ್ಲಿ ನೀರು ಸೊರಗಿರುತ್ತದೆ, ಜಾಂಬಿಯಾ ಕಡೆಯ ಬಂಡೆ ಬಹುಪಾಲು ಬರಿದಾಗಿ ನಿಂತಿರುತ್ತದೆ.

ಒಕವಾಂಗೊ ಮಾತ್ರ ಈ ಋತುಗಳ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಅಂಗೋಲಾದ ಎತ್ತರದ ಸೀಮೆಯಲ್ಲಿ ಬಿದ್ದ ಮಳೆಯ ನೀರು ತಿಂಗಳುಗಟ್ಟಲೆ ನಿಧಾನವಾಗಿ ಹರಿದು ಬೋಟ್ಸ್ವಾನಾ ತಲುಪುವಷ್ಟರಲ್ಲಿ ಅಲ್ಲಿ ಆಕಾಶ ಒಣಗಿರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ, ಸುತ್ತಲ ನೆಲ ಬಾಯಾರಿರುವಾಗಲೇ, ಅಲ್ಲಿ ನೆರೆ ತುಂಬಿ ನಿಲ್ಲುತ್ತದೆ. ಆ ನದಿ ಸಮುದ್ರ ಸೇರುವುದೇ ಇಲ್ಲ, ಕಲಹಾರಿಯ ಮರಳಿನಲ್ಲಿ ಬೀಸಣಿಗೆಯಾಗಿ ಹರಡಿ ಆವಿಯಾಗಿಯೂ ಇಂಗಿಯೂ ಹೋಗುತ್ತದೆ. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಒಂದು ಸಾವಿರದನೆಯ ವಿಶ್ವ ಪರಂಪರೆಯ ತಾಣವಿದು. ಆಗಸ್ಟ್‌ನಲ್ಲಿ ಹೋದರೆ ಬೆಳಿಗ್ಗೆ ಜೀಪು, ಸಂಜೆ ಮೊಕೊರೊ ಎಂಬ ಉದ್ದನೆಯ ದೋಣಿ, ಎರಡೂ ದಕ್ಕುತ್ತವೆ.

ಇನ್ನು ಪಟ್ಟಿ. ಹತ್ತು ದಿನಕ್ಕೆ ಐದು ಸ್ಥಳವೆಂದರೆ ಒಂದೊಂದು ಕಡೆಗೆ ಎರಡೆರಡು ರಾತ್ರಿ. ಪ್ರತಿ ಸ್ಥಳಾಂತರಕ್ಕೂ ಅರ್ಧ ದಿನ ವಿಮಾನ ನಿಲ್ದಾಣದ ಪಾಲು. ಸಫಾರಿ ನಡೆಯುವುದು ಬೆಳಗಿನ ಜಾವ ಮತ್ತು ಸಂಜೆ ಮಾತ್ರ. ಒಂದು ಸರದಿ ತಪ್ಪಿದರೆ ಅದಕ್ಕೆ ಬದಲಿ ಇಲ್ಲ. ಮೂರು ರಾತ್ರಿಗಿಂತ ಕಡಿಮೆ ಉಳಿಯುವುದಾದರೆ ಆ ಕಾಡನ್ನು ಪಟ್ಟಿಯಿಂದಲೇ ತೆಗೆದುಬಿಡಿ. ಮೊದಲ ದಿನ ಮರದ ಮೇಲೆ ಬೇಟೆ ಎಳೆದುಕೊಂಡು ಹೋದ ಚಿರತೆಯ ಬಳಿಗೆ ಮರುದಿನ, ಅದರ ಮರುದಿನ ಹೋಗಿ ನೋಡುವ ಅವಕಾಶ ಇರುವುದು ತಂಗಿ ಉಳಿದವರಿಗೆ ಮಾತ್ರ. ನನ್ನ ಸಲಹೆ ಹೀಗಿದೆ: ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್‌ನಲ್ಲಿ ಮೂರು ರಾತ್ರಿ, ಒಕವಾಂಗೊದಲ್ಲಿ ನಾಲ್ಕು ರಾತ್ರಿ, ದಣಿವಾರಿಸಿಕೊಳ್ಳಲು ಜಲಪಾತದ ಬಳಿ ಎರಡು ರಾತ್ರಿ. ಕೇಪ್ ಟೌನ್ ಚೆಂದದ ನಗರ, ಅದಕ್ಕೊಂದು ಪ್ರತ್ಯೇಕ ಪ್ರವಾಸವೇ ಬೇಕು.

ಸಾಬಿ ಸ್ಯಾಂಡ್ ಏಕೆಂದು ಹೇಳಬೇಕು, ಏಕೆಂದರೆ ನಿಮ್ಮ ಹಣ ಎಲ್ಲಿ ಸಾರ್ಥಕವಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಕ್ರೂಗರ್ ರಾಷ್ಟ್ರೀಯ ಉದ್ಯಾನ 1926ರಲ್ಲಿ ಸ್ಥಾಪನೆಯಾಯಿತು. ವಿಸ್ತೀರ್ಣ ಇಪ್ಪತ್ತು ಸಾವಿರ ಚದರ ಕಿಲೋಮೀಟರಿಗೆ ಸಮೀಪ. ಅಲ್ಲಿ ಪ್ರವಾಸಿಗರ ವಾಹನ ರಸ್ತೆ ಬಿಟ್ಟು ಇಳಿಯುವಂತಿಲ್ಲ, ಒಂದು ಸಿಂಹ ಕಂಡರೆ ಹತ್ತಾರು ಕಾರು ನೆರೆಯುತ್ತವೆ. ಅದರ ಪಶ್ಚಿಮದ ಅಂಚಿಗೆ ಹೊಂದಿಕೊಂಡಿರುವ ಖಾಸಗಿ ಅರಣ್ಯವೇ ಸಾಬಿ ಸ್ಯಾಂಡ್. ಎರಡರ ನಡುವಿನ ಬೇಲಿಯನ್ನು 1993ರಲ್ಲಿ ಕಿತ್ತುಹಾಕಲಾಗಿದೆ, ಆದ್ದರಿಂದ ಪ್ರಾಣಿಗಳು ಅವೇ; ನೋಡುವ ರೀತಿ ಮಾತ್ರ ಬೇರೆ. ಅಲ್ಲಿ ಮಾರ್ಗದರ್ಶಿ ಅಗತ್ಯ ಬಿದ್ದಾಗ ರಸ್ತೆ ಬಿಟ್ಟು ಪೊದೆಗಳ ನಡುವೆ ಜೀಪು ಇಳಿಸಬಹುದು, ಕತ್ತಲಾದ ಮೇಲೂ ತಿರುಗಬಹುದು, ಒಂದು ಪ್ರಾಣಿಯ ಸುತ್ತ ಎರಡು ಮೂರಕ್ಕಿಂತ ಹೆಚ್ಚು ವಾಹನ ಸೇರದಂತೆ ತಮ್ಮತಮ್ಮಲ್ಲೇ ರೇಡಿಯೊದಲ್ಲಿ ಮಾತಾಡಿಕೊಳ್ಳುತ್ತಾರೆ.

ಜೀಪಿನ ಬಾನೆಟ್ಟಿನ ತುದಿಗೆ ಬೆಸೆದ ಪುಟ್ಟ ಆಸನದಲ್ಲಿ ಟ್ರ್ಯಾಕರ್ ಕುಳಿತಿರುತ್ತಾನೆ. ಚಳಿಯ ಬೆಳಗಿನಲ್ಲಿ ನಿಮ್ಮ ತೊಡೆಯ ಮೇಲೆ ಕಂಬಳಿಯೂ ಬಿಸಿನೀರಿನ ಚೀಲವೂ ಇರುತ್ತವೆ. ಅವನ ಕಣ್ಣು ಮಾತ್ರ ಚಕ್ರದ ಮುಂದಿನ ಮರಳಿನ ಮೇಲೆ. ಒಮ್ಮೆಲೇ ಅಂಗೈ ಎತ್ತುತ್ತಾನೆ, ಎಂಜಿನ್ ನಿಲ್ಲುತ್ತದೆ. ಕೆಳಗಿಳಿದು ಹೆಜ್ಜೆಯ ಅಂಚನ್ನು ನೋಡುತ್ತಾನೆ: ಅದರ ಮೇಲೆ ಹುಳ ಹರಿದ ಗೆರೆಯಿದ್ದರೆ ರಾತ್ರಿಯದು, ಅಂಚು ಇನ್ನೂ ಚೂಪಾಗಿದ್ದರೆ ಈಗಿನದು. ಅಷ್ಟರಲ್ಲಿ ದೂರದಲ್ಲೊಂದು ಇಂಪಾಲಾ ಹುಲ್ಲೆ ಸೀನಿದಂತೆ ಎಚ್ಚರಿಕೆಯ ಕೂಗು ಹಾಕುತ್ತದೆ. ಭದ್ರಾ ಕಾಡಿನಲ್ಲಿ ಜಿಂಕೆಯ ಕೂಗಿಗೆ ಕಿವಿಗೊಟ್ಟವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಥವನ ಜೊತೆ ಕಳೆಯುವ ಗಂಟೆಗಳಿಗಾಗಿಯೇ ಹೆಚ್ಚಿನ ಹಣ ಕೊಡಬೇಕು. ಕೋಣೆಯ ಮುಂದೆ ಸ್ವಂತ ಈಜುಕೊಳ ಇದೆಯೇ ಎಂಬುದಕ್ಕಿಂತ ಮೊದಲು ಏಜೆಂಟರನ್ನು ಇವನ್ನು ಕೇಳಿ: ಒಂದು ಜೀಪಿನಲ್ಲಿ ಎಷ್ಟು ಜನರನ್ನು ಕೂರಿಸುತ್ತಾರೆ, ಮಧ್ಯದ ಸೀಟು ಖಾಲಿ ಬಿಡುತ್ತಾರೆಯೇ, ಟ್ರ್ಯಾಕರ್ ಜೊತೆಗಿರುತ್ತಾನೆಯೇ, ಕ್ಯಾಂಪ್ ಇರುವ ಜಮೀನು ಅವರಿಗಷ್ಟೇ ಮೀಸಲೇ ಅಥವಾ ಇತರರಿಗೂ ಪ್ರವೇಶವಿದೆಯೇ, ಕಾಲ್ನಡಿಗೆಗೆ ಅವಕಾಶವಿದೆಯೇ. ಒಣಗಾಲದಲ್ಲಿ ಇಂಥ ಕ್ಯಾಂಪುಗಳಲ್ಲಿ ಒಬ್ಬರಿಗೆ ಒಂದು ರಾತ್ರಿಗೆ ಸಾವಿರ ಡಾಲರ್ ದಾಟುವುದು ಸಾಮಾನ್ಯ. ಒಕವಾಂಗೊದ ಹೆಸರಾಂತ ಕ್ಯಾಂಪುಗಳಲ್ಲಿ ಎರಡು ಸಾವಿರವನ್ನೂ ಮೀರುತ್ತದೆ. ಊಟ, ಸಫಾರಿ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತವೆ. ಕ್ಯಾಂಪುಗಳಲ್ಲಿ ಹತ್ತಾರು ಹಾಸಿಗೆಗಳಷ್ಟೇ ಇರುವುದರಿಂದ ಒಂದು ವರ್ಷ ಮೊದಲೇ ಕಾದಿರಿಸಿ. ಮಗಳ ವಯಸ್ಸನ್ನು ಮೊದಲೇ ತಿಳಿಸಿ. ಸಣ್ಣ ಮಕ್ಕಳನ್ನು ಅನೇಕ ಕ್ಯಾಂಪುಗಳು ಸೇರಿಸಿಕೊಳ್ಳುವುದಿಲ್ಲ, ಕಾಲ್ನಡಿಗೆಗೆ ಹಲವು ಕಡೆ 12, ಕೆಲವು ಕಡೆ 16 ತುಂಬಿರಬೇಕು.

ಪ್ರಶ್ನೆ: ನಾವಿಬ್ಬರೂ ನಿವೃತ್ತ ಉಪನ್ಯಾಸಕರು, ಅರವತ್ತೈದು ದಾಟಿದವರು, ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಹಳದಿ ಜ್ವರದ ಚುಚ್ಚುಮದ್ದು ಕಡ್ಡಾಯವೆಂದು ಒಬ್ಬರು, ಬೇಡವೆಂದು ಇನ್ನೊಬ್ಬರು ಹೇಳುತ್ತಾರೆ. ನಮ್ಮ ವಯಸ್ಸಿಗೆ ಈ ಪ್ರವಾಸ ತಕ್ಕುದೇ? (ಹಾಸನ)

ಉತ್ತರ: ಖಂಡಿತ ತಕ್ಕುದು. ಜೀಪು ಹತ್ತಿ ಇಳಿಯುವುದೊಂದೇ ಶ್ರಮದ ಕೆಲಸ. ಮೆಟ್ಟಿಲು ಇಟ್ಟುಕೊಡುವಂತೆ ಮೊದಲೇ ತಿಳಿಸಿದರೆ ಅದೂ ಸಲೀಸು.

ಚುಚ್ಚುಮದ್ದಿನ ವಿಷಯದಲ್ಲಿ ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ, ನಮೀಬಿಯಾ ಮತ್ತು ಜಿಂಬಾಬ್ವೆ ಹಳದಿ ಜ್ವರದ ದೇಶಗಳಲ್ಲ. ಆದರೆ ಬೆಂಗಳೂರಿನಿಂದ ಹೊರಡುವವರು ದಾರಿಯಲ್ಲಿ ವಿಮಾನ ಬದಲಿಸಬೇಕಾಗುತ್ತದೆ, ಆ ಬದಲಾವಣೆ ಅಡಿಸ್ ಅಬಾಬಾದಲ್ಲೋ ನೈರೋಬಿಯಲ್ಲೋ ಆಗಬಹುದು. ಇಥಿಯೋಪಿಯಾ ಮತ್ತು ಕೆನ್ಯಾ ಎರಡೂ ಆ ಜ್ವರದ ಪಟ್ಟಿಯಲ್ಲಿವೆ. ಅಲ್ಲಿ ಹನ್ನೆರಡು ಗಂಟೆಗಿಂತ ಹೆಚ್ಚು ಕಾಲ ನಿಂತವರಿಂದ ದಕ್ಷಿಣ ಆಫ್ರಿಕಾ ಪ್ರಮಾಣಪತ್ರ ಕೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಂಥ ದೇಶದ ಮೂಲಕ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಮರಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲು ನಮ್ಮ ನಿಯಮಗಳಲ್ಲಿ ಅವಕಾಶವಿದೆ. ಚುಚ್ಚುಮದ್ದನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ. ಹತ್ತು ದಿನಗಳ ನಂತರ ಪ್ರಮಾಣಪತ್ರ ಜಾರಿಗೆ ಬರುತ್ತದೆ, ಜೀವಮಾನವಿಡೀ ಸಲ್ಲುತ್ತದೆ.

ಇಲ್ಲಿ ನಿಮ್ಮ ವಯಸ್ಸು ಗಮನಕ್ಕೆ ಬರಬೇಕು. ಅದು ಸಜೀವ ಲಸಿಕೆ. ಅಪರೂಪವಾಗಿ ಬರುವ ಗಂಭೀರ ಅಡ್ಡಪರಿಣಾಮಗಳು ಅರವತ್ತು ದಾಟಿದವರಲ್ಲಿ ಹೆಚ್ಚು ಎಂಬ ಕಾರಣಕ್ಕೆ ವೈದ್ಯರು ಹಿರಿಯರಿಗೆ ಅದನ್ನು ವಿಚಾರ ಮಾಡದೆ ಕೊಡುವುದಿಲ್ಲ. ಆದ್ದರಿಂದ ಟಿಕೆಟ್ ಕೆಲವು ಸಾವಿರ ಹೆಚ್ಚಾದರೂ ಚಿಂತೆಯಿಲ್ಲ, ದುಬೈ ಅಥವಾ ದೋಹಾ ಮೂಲಕ ಹೋಗುವ ವಿಮಾನವನ್ನೇ ಹಿಡಿಯಿರಿ. ಲಸಿಕೆಯ ಪ್ರಶ್ನೆಯೇ ಏಳುವುದಿಲ್ಲ.

ಮಲೇರಿಯಾ ಬೇರೆಯದೇ ವಿಷಯ. ಕ್ರೂಗರ್, ಚೋಬೆ, ಒಕವಾಂಗೊ ಮೂರೂ ಮಲೇರಿಯಾ ಇರುವ ಜಾಗಗಳು, ಅಲ್ಲಿನ ಚಳಿಗಾಲವಾದ ಜೂನ್–ಆಗಸ್ಟ್‌ನಲ್ಲಿ ಸೊಳ್ಳೆ ಕಡಿಮೆಯೆಂಬುದಷ್ಟೇ ಸಮಾಧಾನ. ನೀವು ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಗಳ ಜೊತೆ ಮಲೇರಿಯಾ ಮಾತ್ರೆ ಹೊಂದುತ್ತದೆಯೇ ಎಂದು ನಿಮ್ಮ ವೈದ್ಯರೇ ಹೇಳಬೇಕು. ಮಾತ್ರೆಯ ಗೊಡವೆಯೇ ಬೇಡವೆಂದರೆ ದಕ್ಷಿಣ ಆಫ್ರಿಕಾದ ಮಡಿಕ್ವೆ ನಿಮಗೆ ಹೇಳಿಮಾಡಿಸಿದ ಜಾಗ. ಬೋಟ್ಸ್ವಾನಾ ಗಡಿಯ ಈ ಅರಣ್ಯದಲ್ಲಿ ಮಲೇರಿಯಾ ಇಲ್ಲ. ಸೊರಗಿದ ದನದ ಫಾರಂಗಳಿದ್ದ ಭೂಮಿಯನ್ನು 1991ರಲ್ಲಿ ರಕ್ಷಿತ ಅರಣ್ಯವೆಂದು ಘೋಷಿಸಿ, ಎಂಟು ಸಾವಿರಕ್ಕೂ ಹೆಚ್ಚು ಪ್ರಾಣಿಗಳನ್ನು ಬೇರೆಡೆಯಿಂದ ತಂದು ಬಿಟ್ಟು ಕಾಡನ್ನು ಮತ್ತೆ ಕಟ್ಟಿದರು. ಇಂದು ಅಲ್ಲಿ ಸಿಂಹ, ಆನೆಗಳ ಜೊತೆಗೆ ಅಪರೂಪದ ಆಫ್ರಿಕನ್ ಕಾಡುನಾಯಿಗಳೂ ಇವೆ. ಐದಾರು ರಾತ್ರಿ ಅಲ್ಲೇ ನೆಮ್ಮದಿಯಾಗಿ ಉಳಿಯಿರಿ.

ಊಟದ ಬಗ್ಗೆ ಭಯ ಬೇಡ, ಆದರೆ ಬುಕಿಂಗ್ ಸಮಯದಲ್ಲೇ ಬರವಣಿಗೆಯಲ್ಲಿ ತಿಳಿಸಿ. ಕಾಡಿನೊಳಗಿನ ಕ್ಯಾಂಪಿಗೆ ದಿನಸಿ ದೂರದಿಂದ ಬರುತ್ತದೆ. ಹೋಗಿ ಇಳಿದ ಮೇಲೆ ಹೇಳಿದರೆ ಬೇಳೆ, ಪನೀರು ಹುಟ್ಟುವುದಿಲ್ಲ. ಅಲ್ಲಿನ ಜನರ ನಿತ್ಯದ ಊಟವಾದ ಪಾಪ್, ಮೆಕ್ಕೆಜೋಳದ ಹಿಟ್ಟಿನಲ್ಲಿ ನಮ್ಮ ಮುದ್ದೆಯ ಹದಕ್ಕೆ ತೊಳಸಿದ್ದು. ಟೊಮೆಟೊ ಗೊಜ್ಜಿನ ಜೊತೆ ಸೊಗಸಾಗಿರುತ್ತದೆ. ಔಷಧಗಳನ್ನು ಚೀಟಿಯ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ. ವಿಮೆಯಲ್ಲಿ, ಕಾಡಿನಿಂದ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ವೆಚ್ಚವೂ ಸೇರಿರಲೇಬೇಕು.

ಪ್ರಶ್ನೆ: ನಮ್ಮ ತೋಟಕ್ಕೆ ವಾರಕ್ಕೊಮ್ಮೆ ಆನೆ ಹಿಂಡು ಬರುತ್ತದೆ. ಬಾಳೆ, ಅಡಿಕೆ, ಕಾಫಿ ಗಿಡ ಎಲ್ಲವೂ ನೆಲಸಮ. ಲಕ್ಷಾಂತರ ಕೊಟ್ಟು ಆನೆ ನೋಡಲು ಬೋಟ್ಸ್ವಾನಾಕ್ಕೆ ಹೋಗೋಣವೆಂದು ಮಕ್ಕಳು ಹಟ ಹಿಡಿದಿದ್ದಾರೆ. ಬೇಲಿಯೇ ಇಲ್ಲದ ಕ್ಯಾಂಪುಗಳಂತೆ, ನಿಜವೇ? (ಸಕಲೇಶಪುರ)

ಉತ್ತರ: ನಿಮ್ಮ ಪತ್ರದ ನೋವು ಅರ್ಥವಾಗುತ್ತದೆ. ಆಲೂರು, ಸಕಲೇಶಪುರದ ಜನರು ಆನೆಯನ್ನು ಕಾಣುವುದು ಕತ್ತಲಲ್ಲಿ, ಟಾರ್ಚಿನ ಬೆಳಕಿನಲ್ಲಿ, ಜೀವ ಕೈಯಲ್ಲಿ ಹಿಡಿದು. ಆದ್ದರಿಂದಲೇ ಮಕ್ಕಳ ಮಾತಿಗೆ ಒಪ್ಪಿಕೊಳ್ಳಿ ಎನ್ನುತ್ತೇನೆ. 2022ರಲ್ಲಿ ಬೋಟ್ಸ್ವಾನಾ ಸೇರಿದಂತೆ ಐದು ದೇಶಗಳು ಒಟ್ಟಾಗಿ ವಿಮಾನದಿಂದ ನಡೆಸಿದ ಎಣಿಕೆಯಲ್ಲಿ ಅವುಗಳ ಗಡಿಗಳು ಕೂಡುವ ಸಂರಕ್ಷಿತ ಪ್ರದೇಶದಲ್ಲಿ ಸುಮಾರು 2,27,900 ಆನೆಗಳಿವೆಯೆಂದು ಅಂದಾಜಾಯಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೋಟ್ಸ್ವಾನಾದಲ್ಲೇ ಇವೆ. ಸೆಪ್ಟೆಂಬರಿನ ಮಧ್ಯಾಹ್ನ ಚೋಬೆ ನದಿಯಲ್ಲಿ ದೋಣಿಯ ಎಂಜಿನ್ ನಿಲ್ಲಿಸಿ ಕುಳಿತರೆ, ಹಿಂಡು ಧೂಳೆಬ್ಬಿಸುತ್ತಾ ದಡಕ್ಕಿಳಿದು, ಮರಿಗಳನ್ನು ನಡುವೆ ಇಟ್ಟುಕೊಂಡು, ಸೊಂಡಿಲನ್ನಷ್ಟೇ ಮೇಲೆತ್ತಿ ನದಿ ದಾಟುವುದನ್ನು ಹಗಲ ಬೆಳಕಿನಲ್ಲಿ, ಹೆದರಿಕೆಯಿಲ್ಲದೆ ನೋಡಬಹುದು. ಹೆಣ್ಣಾನೆಗೂ ದಂತವಿರುವುದನ್ನು, ಸೊಂಡಿಲ ತುದಿಯಲ್ಲಿ ನಮ್ಮ ಆನೆಗಿರುವ ಒಂದು ಬೆರಳಿಗೆ ಬದಲು ಎರಡು ಬೆರಳಿರುವುದನ್ನು ಮಕ್ಕಳಿಗೆ ತೋರಿಸಿ.

ಅಲ್ಲಿಯ ರೈತರು ಸುಖವಾಗಿದ್ದಾರೆಂದು ತಿಳಿಯಬೇಡಿ. ಒಕವಾಂಗೊ ಸುತ್ತಲಿನ ಹಳ್ಳಿಗಳಲ್ಲೂ ಜೋಳದ ಹೊಲ ಒಂದೇ ರಾತ್ರಿಯಲ್ಲಿ ಹೋಗುತ್ತದೆ. ಆನೆ ಲದ್ದಿಗೆ ಮೆಣಸಿನಪುಡಿ ಕಲಸಿ ಇಟ್ಟಿಗೆ ಮಾಡಿ, ಹೊಲದ ಅಂಚಿನಲ್ಲಿ ಹೊಗೆ ಹಾಕಿ ಕಾಯುತ್ತಾರೆ. ಮಾರ್ಗದರ್ಶಿಗಳಲ್ಲಿ ಬಹಳಷ್ಟು ಮಂದಿ ಅಂಥ ಹಳ್ಳಿಗಳವರೇ. ನೀವು ತೋಟದ ಮಾತು ತೆಗೆದರೆ ಅವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಕ್ಯಾಂಪಿಗೆ ಬೇಲಿಯಿಲ್ಲವೆಂಬುದು ಬಹುಮಟ್ಟಿಗೆ ನಿಜ. ಕತ್ತಲಾದ ಮೇಲೆ ಕೋಣೆಯಿಂದ ಊಟದ ಜಾಗಕ್ಕೂ ಕಾವಲಿನವರು ಬಂದು ಕರೆದೊಯ್ಯುತ್ತಾರೆ, ಅವರು ಬರುವವರೆಗೆ ಹೊಸ್ತಿಲು ದಾಟಬಾರದು. ಜೀಪಿನಲ್ಲಿ ಎದ್ದು ನಿಲ್ಲಬಾರದು, ಕೈ ಹೊರಗೆ ಚಾಚಬಾರದು. ಪ್ರಾಣಿಗಳು ಒಗ್ಗಿಕೊಂಡಿರುವುದು ವಾಹನದ ಒಟ್ಟು ಆಕಾರಕ್ಕೆ, ಅದರಿಂದ ಬೇರ್ಪಟ್ಟ ಮನುಷ್ಯನ ಆಕಾರಕ್ಕಲ್ಲ. ಆನೆಯ ನಡವಳಿಕೆ ನಮಗೆ ಗೊತ್ತು ಎಂಬ ನಿಮ್ಮ ತೋಟದ ಧೈರ್ಯವನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಹೋಗಿ. ರಾತ್ರಿ ಮೇಯಲು ದಡ ಹತ್ತುವ ನೀರುಕುದುರೆಯ ಅಭ್ಯಾಸ ನಮಗಾರಿಗೂ ಇಲ್ಲ.

ಪ್ರಶ್ನೆ: ನಾನು ಬ್ಯಾಂಕ್ ನೌಕರ, ಛಾಯಾಗ್ರಹಣದ ಹುಚ್ಚು. ಪೂರ್ತಿ ಐಷಾರಾಮಿ ಪ್ರವಾಸ ನನ್ನ ಕೈಗೆ ಎಟುಕದು. ಮಧ್ಯದ ದಾರಿ ಇದೆಯೇ? (ಚಿಕ್ಕಮಗಳೂರು)

ಉತ್ತರ: ಇದೆ, ಚೆನ್ನಾಗಿಯೇ ಇದೆ. ಕ್ರೂಗರ್‌ನ ಸರ್ಕಾರಿ ವಸತಿಗಳಾದ ಲೋವರ್ ಸಾಬಿ, ಸಟಾರಾ ಅಥವಾ ಸ್ಕುಕುಜಾದಲ್ಲಿ ಐದು ರಾತ್ರಿ ಉಳಿದು ಬಾಡಿಗೆ ಕಾರಿನಲ್ಲಿ ನೀವೇ ತಿರುಗಿ, ಕೊನೆಯ ಎರಡು ರಾತ್ರಿಯನ್ನು ಮಾತ್ರ ಖಾಸಗಿ ಅರಣ್ಯಕ್ಕೆ ಮೀಸಲಿಡಿ. ಅಲ್ಲಿಯೂ ವಾಹನ ಎಡಕ್ಕೇ ಓಡುತ್ತದೆ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ. ಉದ್ಯಾನದೊಳಗೆ ಡಾಂಬರು ರಸ್ತೆಯಲ್ಲಿ ಗಂಟೆಗೆ 50, ಮಣ್ಣಿನ ರಸ್ತೆಯಲ್ಲಿ 40 ಕಿಲೋಮೀಟರ್ ಮಿತಿ. ನಿಜವಾಗಿ ಏನಾದರೂ ಕಾಣಬೇಕೆಂದರೆ ಅದರ ಅರ್ಧದಷ್ಟೇ ವೇಗ ಸಾಕು.

ಬೋಟ್ಸ್ವಾನಾದ ಪುಟ್ಟ ವಿಮಾನಗಳಲ್ಲಿ ಕ್ಯಾಮೆರಾ ಸಮೇತ ಒಬ್ಬರಿಗೆ ಸಾಮಾನ್ಯವಾಗಿ 20 ಕಿಲೋ, ಅದೂ ಗಾಲಿಯಿಲ್ಲದ ಮೆತ್ತನೆಯ ಚೀಲದಲ್ಲಿ. ಗಟ್ಟಿ ಸೂಟ್‌ಕೇಸ್ ಅದರ ಹೊಟ್ಟೆಯೊಳಗೆ ಹೋಗುವುದಿಲ್ಲ. ದಕ್ಷಿಣ ಆಫ್ರಿಕಾದ ಪ್ಲಗ್ ನಮ್ಮ ಗೀಸರಿನ ಮೂರು ದಪ್ಪ ಕಡ್ಡಿಯ ಪ್ಲಗ್ಗಿನಂಥದೇ. ಸೈನಿಕರ ಮಾದರಿಯ ಚುಕ್ಕೆ ಬಟ್ಟೆ ತೊಡುವುದು ಬೋಟ್ಸ್ವಾನಾ, ಜಾಂಬಿಯಾ, ಜಿಂಬಾಬ್ವೆಗಳಲ್ಲಿ ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ನಮ್ಮ ಛಾಯಾಗ್ರಾಹಕರಿಗೆ ಅದು ಸಮವಸ್ತ್ರವೇ ಆಗಿರುವುದರಿಂದ ವಿಶೇಷವಾಗಿ ನೆನಪಿಸುತ್ತಿದ್ದೇನೆ. ಘೇಂಡಾಮೃಗದ ಚಿತ್ರ ಹಾಕುವಾಗ ಸ್ಥಳದ ಗುರುತನ್ನು ಅಳಿಸಿ ಹಾಕಿ. ಕೊಂಬಿಗಾಗಿ ಕೊಲ್ಲುವವರು ಆ ಚಿತ್ರಗಳನ್ನು ನೋಡುತ್ತಿರುತ್ತಾರೆ.

ಪ್ರಶ್ನೆ: ಹಣ ಕಟ್ಟುವಾಗ ತೆರಿಗೆ ಹಿಡಿಯುತ್ತಾರಂತೆ, ಅದು ನಷ್ಟವೇ? ಮಕ್ಕಳ ವೀಸಾಕ್ಕೆ ಬೇರೆ ಕಾಗದ ಬೇಕೇ? (ಅರಸೀಕೆರೆ)

ಉತ್ತರ: ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಟಿಸಿಎಸ್ (ಪ್ಯಾಕೇಜ್ ಮಾರುವವರೇ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ) ವಸೂಲಾಗುತ್ತದೆ, ದರ ಬಜೆಟ್ಟಿನಲ್ಲಿ ಆಗಾಗ ಬದಲಾಗುವುದರಿಂದ ಹಣ ಕಟ್ಟುವ ದಿನದ ದರವನ್ನು ನಿಮ್ಮ ಲೆಕ್ಕಪರಿಶೋಧಕರಿಂದ ಕೇಳಿಕೊಳ್ಳಿ. ಅದು ನಿಮ್ಮ ಪ್ಯಾನ್ ಹೆಸರಿನಲ್ಲಿ ತೆರಿಗೆ ಇಲಾಖೆಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು. ಕೈಯಿಂದ ಹೋಗುವುದಿಲ್ಲ, ಕೆಲವು ತಿಂಗಳು ಸಿಕ್ಕಿಕೊಳ್ಳುತ್ತದೆ ಅಷ್ಟೆ. ದಕ್ಷಿಣ ಆಫ್ರಿಕಾಕ್ಕೆ ಭಾರತೀಯರಿಗೆ ವೀಸಾ ಬೇಕು; ಮಕ್ಕಳಿದ್ದರೆ ತಂದೆ ತಾಯಿ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರ ಬೇಕು, ಒಬ್ಬರೇ ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರವೂ ಬೇಕು. ಪಾಸ್‌ಪೋರ್ಟಿನಲ್ಲಿ ಕನಿಷ್ಠ ಎರಡು ಖಾಲಿ ಪುಟಗಳಿರಲಿ.

ಪ್ರಶ್ನೆ: ನಮ್ಮದು ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಯಿಂದ ಎಂ.ಸಿ. ಹಳ್ಳಿಗೆ ಸ್ಥಳಾಂತರಗೊಂಡ ಕುಟುಂಬ. ಈಗ ಬೆಂಗಳೂರಿನಲ್ಲಿರುವ ತಮ್ಮ ನಮ್ಮನ್ನು ಆಫ್ರಿಕಾಕ್ಕೆ ಕರೆಯುತ್ತಿದ್ದಾನೆ. ಅಲ್ಲಿಯೂ ಜನರನ್ನು ಎಬ್ಬಿಸಿ ಕಾಡು ಮಾಡಿದ್ದಾರೆಯೇ? ನಾವು ಕೊಡುವ ಹಣ ಅವರಿಗೆ ತಲುಪುತ್ತದೆಯೇ? (ತರೀಕೆರೆ ತಾಲ್ಲೂಕು)

ಉತ್ತರ: ಈ ಪ್ರಶ್ನೆಯನ್ನು ಬರೆದು ಕಳಿಸಿದ್ದಕ್ಕೆ ಕೃತಜ್ಞತೆಗಳು, ಬುಕಿಂಗ್ ಮಾಡುವ ಪ್ರತಿಯೊಬ್ಬರೂ ಇದನ್ನು ಕೇಳಬೇಕು. ಕ್ರೂಗರ್‌ನ ಉತ್ತರದ ತುದಿಯಲ್ಲಿ, ಲುವುವು ಮತ್ತು ಲಿಂಪೊಪೊ ನದಿಗಳ ನಡುವೆ ಮಕುಲೆಕೆ ಜನರಿದ್ದರು. 1969ರಲ್ಲಿ, ವರ್ಣಭೇದದ ಸರ್ಕಾರ ಅವರನ್ನು ಬಲವಂತವಾಗಿ ಎಬ್ಬಿಸಿ ಆ ಭೂಮಿಯನ್ನು ಉದ್ಯಾನಕ್ಕೆ ಸೇರಿಸಿತು. ಆ ಆಡಳಿತ ಹೋದ ಮೇಲೆ ಅವರು ಭೂಮಿಗಾಗಿ ಹಕ್ಕು ಮಂಡಿಸಿದರು. 1998ರಲ್ಲಿ ಸುಮಾರು 24,000 ಹೆಕ್ಟೇರ್ ಅವರ ಒಡೆತನಕ್ಕೆ ಮರಳಿತು. ಮರಳಿ ಬಂದ ನೆಲದಲ್ಲಿ ಉಳುಮೆ ಮಾಡದೆ, ಅದನ್ನು ಕಾಡಾಗಿಯೇ ಉಳಿಸಿ, ಕ್ಯಾಂಪುಗಳಿಗೆ ಗುತ್ತಿಗೆ ಕೊಟ್ಟು ಆದಾಯ ಪಡೆಯಲು ಅವರೇ ತೀರ್ಮಾನಿಸಿದರು. ನಮೀಬಿಯಾದಲ್ಲಿ 1996ರ ಕಾನೂನು, ಹಳ್ಳಿಯ ಜನರು ತಮ್ಮದೇ ಸಂರಕ್ಷಣಾ ವಲಯ ರಚಿಸಿಕೊಂಡು ವನ್ಯಜೀವಿ ಪ್ರವಾಸೋದ್ಯಮದ ಆದಾಯ ಪಡೆಯಲು ದಾರಿ ಮಾಡಿಕೊಟ್ಟಿತು. ಬೋಟ್ಸ್ವಾನಾದಲ್ಲೂ ಕೆಲವು ಕ್ಯಾಂಪುಗಳು ಗ್ರಾಮಸ್ಥರ ಟ್ರಸ್ಟಿನಿಂದ ಗುತ್ತಿಗೆ ಪಡೆದ ಜಮೀನಿನಲ್ಲಿವೆ. ಎಲ್ಲ ಕಡೆಯೂ ಹೀಗಿಲ್ಲ, ಆದ್ದರಿಂದ ಏಜೆಂಟರನ್ನು ನೇರವಾಗಿ ಕೇಳಿ: ಜಮೀನು ಯಾರದು, ಗುತ್ತಿಗೆಯ ಹಣ ಯಾರಿಗೆ ಸಲ್ಲುತ್ತದೆ, ಮಾರ್ಗದರ್ಶಿಗಳು ಎಲ್ಲಿಯವರು. ಉತ್ತರ ತಿಳಿದಿರುವ ಸಂಸ್ಥೆ ಹಿಂಜರಿಯುವುದಿಲ್ಲ.

ನಿಮ್ಮ ಕುಟುಂಬಕ್ಕೆ ನಾನು ಸೂಚಿಸುವುದು ಆ ಮಕುಲೆಕೆ ಸೀಮೆಯನ್ನೇ, ಪಫೂರಿ ಎಂದು ಕರೆಯುವ ಭಾಗವನ್ನು. ಮೂರು ದೇಶಗಳ ಗಡಿ ಕೂಡುವ ಜಾಗ ಅಲ್ಲೇ ಇದೆ. ಹಳದಿ ಹಸಿರು ತೊಗಟೆಯ ಫೀವರ್ ಟ್ರೀಗಳ ತೋಪು, ಹುಣಸೆಮರಕ್ಕಿಂತ ದಪ್ಪನೆಯ ಬಾವೊಬಾಬ್ ಮರಗಳು, ಹಕ್ಕಿಗಳ ಸಮೃದ್ಧಿ ಇವೆ. ಸಿಂಹ, ಚಿರತೆ ಅಲ್ಲಿ ಅಷ್ಟು ಸುಲಭವಾಗಿ ಕಾಣವು. ಅದಕ್ಕಾಗಿ ಅಲ್ಲಿ ಮೂರು ರಾತ್ರಿ ಕಳೆದು, ಮುಂದಿನ ಮೂರು ರಾತ್ರಿಗೆ ದಕ್ಷಿಣಕ್ಕೆ ಸಟಾರಾ ಕಡೆಗೆ ಇಳಿಯಿರಿ. ಎರಡರ ನಡುವಿನ ದಾರಿ ದೀರ್ಘವಾದ್ದರಿಂದ ಒಂದು ಇಡೀ ಹಗಲನ್ನು ಪ್ರಯಾಣಕ್ಕೇ ಬಿಟ್ಟುಕೊಡಬೇಕಾಗುತ್ತದೆ.